ಗುರೆಳ್ಳು ಚಟ್ನಿಪುಡಿಗೆ ಕಡಲಪಾಚಿ

ಧಾರವಾಡದಲ್ಲಿ ಕೂತು ಕಡಲಪಾಚಿ ಯಾಕೆ ತಿನ್ನಬೇಕು ಅಂತ ನಮ್ಮ ಅತ್ತೆ ಇವತ್ತಿಗೂ ಕೇಳುತ್ತಾರೆ. ಬೇಸಿಗೆಯಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಿಂದ ಚೈನಾಗ್ರಾಸ್ ತರಿಸಿ, ಹಾಲಿನಲ್ಲಿ ಕುದಿಸಿ ವಡಿ ಕತ್ತರಿಸುವವರೂ ಅವರೇ! ಅದೂ ಕೆಂಪು ಕಡಲಪಾಚಿಯಿಂದ ತೆಗೆದದ್ದು ಅಂದರೆ ನಂಬಲಿಲ್ಲ.

ನಾನು ಮೊದಲು ತರಿಸಿದ್ದು ಕೊಂಬು. ಜಪಾನಿನವರು ಸಾರಿಗೆ ಹಾಕುವ ದಪ್ಪ ಕಂದು ಪಾಚಿ. ಅದರಲ್ಲಿ ಫ್ಯುಕಾಯ್ಡನ್ ಅನ್ನೋ ನಾರು ಇದೆ, ಫ್ಯುಕೋಕ್ಸಾಂಥಿನ್ ಅನ್ನೋ ಬಣ್ಣದ ಅಂಶ ಇದೆ, ಮೈಗೆ ಒಳ್ಳೆಯದು ಅಂತ ಓದಿ ಹುಮ್ಮಸ್ಸು ಬಂದಿತ್ತು. ಅವುಗಳ ಮೇಲಿನ ಪ್ರಯೋಗ ಬಹಳಷ್ಟು ಲ್ಯಾಬಿನಲ್ಲಿ, ಇಲಿಗಳ ಮೇಲೆ ನಡೆದದ್ದು ಅನ್ನೋದು ಆಮೇಲೆ ಗೊತ್ತಾಯಿತು. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಕುಟ್ಟಿ ಹಾಕಿ ಮೂರು ದಿನ ತಿಂದೆ. ನಾಲ್ಕನೇ ದಿನ ಸುಮ್ನೆ ಲೆಕ್ಕ ಹಾಕಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕೊಂಬುವಿನ ಒಂದೇ ಗ್ರಾಂನಲ್ಲಿ 1,000 ಮೈಕ್ರೋಗ್ರಾಂಗಿಂತ ಜಾಸ್ತಿ ಇರುವುದುಂಟು. ಉಪ್ಪಿನಲ್ಲಿ ಹೇಗೂ ಅಯೋಡಿನ್ ತಿನ್ನುತ್ತೇವೆ, ಅಲ್ವಾ? ಕಡಿಮೆಯಾದರಷ್ಟೇ ಅಲ್ಲ, ಜಾಸ್ತಿಯಾದರೂ ಥೈರಾಯ್ಡ್ ಕೆಡುತ್ತದೆ. ನಾದಿನಿ ಥೈರಾಯ್ಡ್ ಗುಳಿಗೆ ತಗೊಳ್ಳುವವಳು, ಅವಳ ತಾಟಿಗೂ ಬಡಿಸಿದ್ದೆ. ಡಬ್ಬಿ ಸೀದಾ ಕಸಕ್ಕೆ ಹೋಯಿತು. ಅವಳಿಗೆ ಈಗಲೂ ಡಾಕ್ಟರನ್ನು ಕೇಳದೆ ಯಾವ ಪಾಚಿಯನ್ನೂ ಕೊಡುವುದಿಲ್ಲ.

ಆಮೇಲೆ ನೋರಿಗೆ ಬಂದೆ. ಜಪಾನಿನ ಅನ್ನದ ತಿನಿಸು ಸುಶಿಗೆ ಸುತ್ತುವ, ಕೆಂಪು ಕಡಲಪಾಚಿಯ ತೆಳು ಹಾಳೆ, ಒಂದು ಹಾಳೆ ಸುಮಾರು 3 ಗ್ರಾಂ. ನಾರು, ಪ್ರೋಟೀನ್ ಇದೆ. ಅಯೋಡಿನ್ ಕೊಂಬುವಿಗಿಂತ ಎಷ್ಟೋ ಪಾಲು ಕಡಿಮೆ. ಹುರಿಯದ ಹಾಳೆ ಸಿಕ್ಕರೆ ಅದೇ ಒಳ್ಳೆಯದು. ರೊಟ್ಟಿ ಹಂಚನ್ನು ಸಣ್ಣ ಉರಿಯಲ್ಲಿಟ್ಟು ಹಾಳೆಯನ್ನು ಮೇಲೆ ಎಳೆದಾಡಿಸಿದರೆ ನೇರಳೆಗಪ್ಪು ಹೋಗಿ ಹಸಿರಾಗುತ್ತದೆ. ಕೆಂಪು ಬಣ್ಣ ಬಿಸಿಗೆ ಒಡೆಯುತ್ತದೆ, ಎಲೆಹಸಿರು ಉಳಿಯುತ್ತದೆ. ಹಸಿರಾದ ಕೂಡಲೇ ತೆಗೆಯಬೇಕು. ಇನ್ನೊಂದು ಕ್ಷಣ ಬಿಟ್ಟರೆ ಕಹಿ. ಸರಿಯಾಗಿ ಹುರಿದದ್ದು ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಗುತ್ತದೆ, ಮಿಕ್ಸರ್ ಬೇಡ.

ಶೇಂಗಾ ಜೊತೆ ಇದು ಹೊಂದಲಿಲ್ಲ. "ಏನವಾ, ಮೀನಿನ ವಾಸನಿ ಬರ್ತದಲ್ಲ" ಅಂದರು ಅತ್ತೆ, ತಾಟು ಸರಿಸಿ. ಗುರೆಳ್ಳಿನ ಘಾಟೇ ಅದನ್ನು ಅಡಗಿಸಿದ್ದು. 100 ಗ್ರಾಂ ಹುರಿದ ಗುರೆಳ್ಳಿಗೆ ಎರಡು ಹಾಳೆ, ಆರು ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಚೂರು ಬೆಲ್ಲ. ಉಪ್ಪು ಎಂದಿನ ಅಳತೆಗಿಂತ ಸ್ವಲ್ಪ ಕಡಿಮೆ. ನೋರಿಯನ್ನು ಕೊನೆಗೆ, ಎಲ್ಲ ಆರಿದ ಮೇಲೆ ಬೆರೆಸುತ್ತೇನೆ.

ನಮ್ಮೂರ ಜಿಟಿಜಿಟಿ ಮಳೆಯಲ್ಲಿ ಮಾತ್ರ ಡಬ್ಬಿ ತೆರೆದಿಟ್ಟರೆ ಇದು ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಜುಲೈನಲ್ಲಿ ವಾರಕ್ಕೆ ಬೇಕಾದಷ್ಟೇ ಮಾಡುತ್ತೇನೆ. ಡಬ್ಬಿ ಅತ್ತೆಗಿಂತ ಮೊದಲು ನನ್ನ ಕೈಗೆ ಸಿಕ್ಕರೆ ಪುಣ್ಯ.