ಸೀಟಿನ ಕೆಳಗಿದ್ದ ನಂಬರು

ನನ್ನ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕಾಗದದಲ್ಲಿ 1965 ಅಂತ ಇದೆ. ಹಾಗಾಗಿ ಮೊದಲ ವರ್ಷವಿಡೀ ಕಂಡಕಂಡವರ ಹತ್ತಿರ "65ರ ಪಾರ್ಟ್ಸ್ ಇದೆಯಾ?" ಅಂತಲೇ ಕೇಳಿಕೊಂಡು ಓಡಾಡಿದೆ. ಕೊನೆಗೆ ಮುಂದಿನ ಆಕ್ಸಲ್‌ಗೆ ಹಾಕುವ ಲಿಂಕ್ ಪಿನ್ ಸೆಟ್ (ಚಕ್ರದ ಭಾಗವನ್ನು ಆಕ್ಸಲ್‌ಗೆ ಕೂಡಿಸುವ ಹಳೇ ಬಗೆಯ ಪಿನ್ನುಗಳು) ಒಂದು ಸಿಕ್ಕಿತು. ಪೆಟ್ಟಿಗೆ ಹಳೆಯದು, ಒಳಗಿನ ಮಾಲು ಹೊಸದು. ಸುತ್ತಿದ್ದ ಮೇಣದ ಕಾಗದವನ್ನೂ ಯಾರೂ ಬಿಚ್ಚಿರಲಿಲ್ಲ. ಚೌಕಾಸಿ ಕೂಡ ಮಾಡದೆ ತಂದೆ. ಚಕ್ರ ಬಿಚ್ಚಿ ನೋಡಿದರೆ ನನ್ನ ಗಾಡಿಯಲ್ಲಿರುವುದು ಬಾಲ್ ಜಾಯಿಂಟ್, ಅದೇ ಕೆಲಸಕ್ಕೆ ಆಮೇಲೆ ಬಂದ ಗುಂಡು ಕೀಲು! ತಂದ ಸೆಟ್ಟಿಗೂ ನನ್ನ ಆಕ್ಸಲ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಮಾರಿದವರದು ತಪ್ಪಿಲ್ಲ, ತಪ್ಪು ನನ್ನದೇ. ಫೋಕ್ಸ್‌ವ್ಯಾಗನ್ ಕಂಪನಿಯ ಮಾಡೆಲ್ ವರ್ಷ ಆಗ ಶುರುವಾಗುತ್ತಿದ್ದದ್ದು ಆಗಸ್ಟ್‌ನಲ್ಲಿ. 1965ರ ಆಗಸ್ಟ್ ಆದಮೇಲೆ ಹೊರಬಂದ ಬೀಟಲ್, ಕಂಪನಿಯ ಲೆಕ್ಕದಲ್ಲಿ 1966ರ ಮಾಡೆಲ್. 1300 ಸಿಸಿ ಇಂಜಿನ್ ಬಂದದ್ದು ಆ ಸಲವೇ, ಅದರ ಜೊತೆಗೆ ಬಾಲ್ ಜಾಯಿಂಟ್ ಕೂಡ. ಇದು ಮೊದಲೇ ಗೊತ್ತಾಗಬೇಕಿದ್ದರೆ ಹಿಂದಿನ ಸೀಟು ಎತ್ತಿ ನೋಡಿದ್ದರೆ ಸಾಕಿತ್ತು. ಗಾಡಿಯ ನೆಲದ ನಡುವೆ ಉದ್ದಕ್ಕೂ ಹಾದುಹೋಗುವ ಉಬ್ಬು, ಅಂದರೆ ಟನಲ್ ಮೇಲೆ ಚಾಸಿ ನಂಬರ್ ಕೊರೆದಿರುತ್ತಾರೆ. ಆಮೇಲೆ ತಂತಿ ಬ್ರಶ್ ಹಿಡಿದು ತುಕ್ಕು, ಒಣಗಿದ ಅಂಟು ಎಲ್ಲಾ ಕೆರೆದೆ. ಒಂದೊಂದೇ ಅಂಕಿ ಕಾಣಿಸಿತು: 116... ಮೊದಲ 11 ಅಂದರೆ ಬೀಟಲ್. ಆಮೇಲಿನ 6 ಅಂದರೆ 1966ರ ಮಾಡೆಲ್. ಒಂದು ವರ್ಷದ ಅಲೆದಾಟಕ್ಕೆ ಉತ್ತರ ನನ್ನ ಗಾಡಿಯೊಳಗೇ ಕೂತಿತ್ತು.

ಬೀಟಲ್‌ಗೆ ಪಾರ್ಟ್ಸ್ ಸಿಗೋದು ಅಷ್ಟು ಕಷ್ಟವಾ ಅಂತ ಕೇಳುವವರಿದ್ದಾರೆ. ಮೆಕ್ಸಿಕೋದಲ್ಲಿ 2003ರವರೆಗೂ ತಯಾರಾದ ಕಾರು, ಒಟ್ಟು ಎರಡು ಕೋಟಿಗೂ ಜಾಸ್ತಿ ಬಂದಿವೆ. ನಿಜ. ಆದರೆ ವರ್ಷಕ್ಕೊಮ್ಮೆ ಏನಾದರೊಂದು ಬದಲಾಗುತ್ತಲೇ ಇತ್ತು. ಮೇಲಾಗಿ ಹಳೇ ಕಾರುಗಳ ಬೆಲೆ ಏರತೊಡಗಿದ ಮೇಲೆ ಲೆಕ್ಕವೇ ತಲೆಕೆಳಗಾಯಿತು. ಮೊದಲು ತುಕ್ಕು ತಿಂದ ಕಾರು ಕಂಡರೆ ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಿದ್ದರು. ನಮ್ಮಂಥವರಿಗೆ ಅದೇ ಗಣಿ. ಈಗ ಅಂಥ ಕಾರನ್ನೂ ರಿಪೇರಿ ಮಾಡಿದರೆ ಲಾಭ ಅಂತ ಬಿಚ್ಚುವುದೇ ಇಲ್ಲ. ಬಿಚ್ಚುವ ಕಾರು ಕಡಿಮೆ ಆಯಿತು, ಪಾರ್ಟ್ಸ್ ಕೇಳುವವರು ಜಾಸ್ತಿ ಆದರು. ನಾನು ಗಾಡಿ ತಂದ ಹೊಸದರಲ್ಲಿ "ಬೇಕಾದರೆ ತಗೊಂಡು ಹೋಗಪ್ಪಾ, ಜಾಗ ಆದರೂ ಖಾಲಿಯಾಗಲಿ" ಅಂದಿದ್ದ ಮೆಕಾನಿಕ್ ಒಬ್ಬರು, ನಾಲ್ಕು ವರ್ಷದ ಮೇಲೆ ಅದೇ ಮೂಲೆಯ ಡಬ್ಬಗಳಿಗೆ ಬೀಗ ಹಾಕಿದ್ದರು. ಅವರನ್ನು ದೂರಲಾರೆ. ನಾನಾಗಿದ್ದರೂ ಹಾಕುತ್ತಿದ್ದೆ.

ಬೆಲೆ ಏರಿದ್ದರಿಂದ ಒಳ್ಳೆಯದೂ ಆಗಿದೆ ಅನ್ನಿ. ಗಿರಾಕಿ ಇದ್ದಾರೆ ಅಂತ ಗೊತ್ತಾದರೆ ಕಂಪನಿಗಳು ತಾವೇ ಹಳೇ ಪಾರ್ಟ್ಸ್ ಮಾಡುತ್ತವೆ. ನಿಸ್ಸಾನ್ 2017ರಲ್ಲಿ ಆರ್32 ಅನ್ನುವ ತನ್ನ ಹಳೇ ಕಾರು ಸ್ಕೈಲೈನ್ ಜಿಟಿ-ಆರ್‌ಗೆ ಮತ್ತೆ ಬಿಡಿಭಾಗ ಕೊಡಲು ಶುರುಮಾಡಿತು. ಪೋರ್ಶೆ 2018ರಲ್ಲಿ 959 ಅನ್ನುವ ತನ್ನ ಹಳೇ ಕಾರಿನ ಕ್ಲಚ್ ಲಿವರ್ ಒಂದನ್ನು 3ಡಿ ಪ್ರಿಂಟ್ ಮಾಡಿ ಕೊಟ್ಟಿತು. ಆ ಕಾರು ತಯಾರಾದದ್ದೇ 292. ನನ್ನ ಬೀಟಲ್‌ಗೆ ಅಂಥ ರಾಜೋಪಚಾರ ಸಿಗಲಿಲ್ಲ. ನಾವು ನಂಬರ್ ಹಿಡಿದು ಹುಡುಕಬೇಕು.

ನಂಬರ್ ಅಂದೆನಲ್ಲ, ಪಾರ್ಟ್ ನಂಬರ್ ಓದುವುದನ್ನು ಕಲಿತ ಮೇಲೆ ನನ್ನ ಅರ್ಧ ಕೆಲಸ ಹಗುರಾಯಿತು. ಫೋಕ್ಸ್‌ವ್ಯಾಗನ್ ನಂಬರ್‌ನಲ್ಲಿ ಮೂರು ಮೂರು ಅಂಕಿಗಳ ಮೂರು ಗುಂಪು. ಮೊದಲ ಗುಂಪು, ಆ ಭಾಗ ಮೊದಲು ಯಾವ ಗಾಡಿಗೆ ಮಾಡಿದ್ದು ಅನ್ನುತ್ತದೆ. ನಡುವಿನದರ ಮೊದಲ ಅಂಕಿ 1 ಇದ್ದರೆ ಇಂಜಿನ್, 4 ಇದ್ದರೆ ಮುಂದಿನ ಆಕ್ಸಲ್, 8 ಬಾಡಿ, 9 ಕರೆಂಟಿನ ಸಾಮಾನು. 821 ಅಂದರೆ ಮುಂದಿನ ಮಡ್‌ಗಾರ್ಡ್. ಆಮೇಲೆ 021 ಇದ್ದರೆ ಎಡಗಡೆಯದು, 022 ಇದ್ದರೆ ಬಲಗಡೆಯದು. ಕೊನೆಗೆ ಇಂಗ್ಲಿಷ್ ಅಕ್ಷರ ಇದ್ದರೆ ಆ ಭಾಗದಲ್ಲಿ ಆಮೇಲೆ ಏನೋ ತಿದ್ದಿದ್ದಾರೆ ಅಂತ ಅರ್ಥ. ಬಾಷ್, ಹೆಲ್ಲಾ, ವಿಡಿಒ ಥರದ ಬಿಡಿಭಾಗದ ಕಂಪನಿಗಳು ಮಾಡಿದ ಸಾಮಾನಿನ ಮೇಲೆ ಅವರದೇ ಬೇರೆ ನಂಬರ್ ಇರುತ್ತದೆ. ನಾನು ಎರಡನ್ನೂ ಬರೆದಿಟ್ಟುಕೊಂಡೆ. "ಬೀಟಲ್" ಅಂತ ಹುಡುಕಿದರೆ ಎಲ್ಲರಿಗೂ ಕಾಣುವ ಮಾಲೇ ನಿಮಗೂ ಕಾಣುತ್ತದೆ. ಬಾಷ್ ನಂಬರ್ ಹಾಕಿದರೆ, ಅದು ಯಾವ ಕಾರಿನದು ಅಂತ ಗೊತ್ತಿಲ್ಲದೆ ಮಾರಲು ಇಟ್ಟವರು ಸಿಗುತ್ತಾರೆ. ಚೌಕಾಸಿಗೆ ಜಾಗ ಇರೋದು ಅಲ್ಲೇ.

ಮಡ್‌ಗಾರ್ಡ್ ವಿಷಯದಲ್ಲಿ ಕೈ ಸುಟ್ಟುಕೊಂಡದ್ದನ್ನೂ ಹೇಳಿಬಿಡುತ್ತೇನೆ. ಎಡಗಡೆಯದರ ಕೆಳಭಾಗ ತುಕ್ಕು ಹಿಡಿದು ಹಪ್ಪಳದಂತೆ ಪುಡಿಯಾಗುತ್ತಿತ್ತು. ಈಗಿನವರು ಮಾಡಿದ ಹೊಸದು ತರಿಸಿದೆ. ಕಪ್ಪು ಪ್ರೈಮರ್ ಹೊಡೆದು ಮಿರಿಮಿರಿ ಮಿಂಚುತ್ತಿತ್ತು. ಬೆರಳಲ್ಲಿ ತಟ್ಟಿದರೆ ಸದ್ದೇ ಬೇರೆ. ಹಳೆಯದು ಗಟ್ಟಿ ಪಾತ್ರೆ ತಟ್ಟಿದ ಹಾಗೆ, ಇದು ಎಣ್ಣೆ ಡಬ್ಬ ತಟ್ಟಿದ ಹಾಗೆ. ಎರಡು ಬೋಲ್ಟ್ ಕೂಡಿಸಿದರೆ ಮೂರನೆಯದರ ತೂತು ಅರ್ಧ ಬೆರಳು ಆಚೆ. ಹೆಡ್‌ಲೈಟ್ ಕೂರುವ ಬಟ್ಟಲು ಸ್ವಲ್ಪ ಆಕಾಶ ನೋಡುತ್ತಿತ್ತು. ನಮ್ಮ ಟಿಂಕರಿಂಗ್ ಮೇಸ್ತ್ರಿ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. "ಹೊಸದನ್ನ ಕತ್ತರಿಸೋಣ ಸಾರ್" ಅಂದರು. ನನ್ನ ಎದೆ ಧಸಕ್ ಅಂತು. ಅವರು ಹೊಸದರ ಕೆಳಗಿನ ಒಂದು ಗೇಣು ತಗಡು ಕತ್ತರಿಸಿ, ಹಳೆಯದರ ತುಕ್ಕು ಭಾಗ ತೆಗೆದು, ಅಲ್ಲಿ ಇಟ್ಟು ವೆಲ್ಡ್ ಮಾಡಿದರು. ತಗಡು ಸೊಟ್ಟಗಾಗಬಾರದು ಅಂತ ಒಂದೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೊಂದು ಚುಕ್ಕೆ. ಎರಡು ದಿನ ಹಿಡಿಯಿತು. ಇವತ್ತಿಗೂ ಎಲ್ಲಾ ಬೋಲ್ಟು ಕೈಯಲ್ಲೇ ತಿರುಗಿಸಿ ಕೂರಿಸಬಹುದು. ಅಲ್ಲಿಂದ ಮುಂದೆ ಕೆಟ್ಟ ಸ್ಥಿತಿಯ ಒರಿಜಿನಲ್ ಸಿಕ್ಕರೆ, ಚೆಂದದ ಡುಪ್ಲಿಕೇಟ್ ಕಡೆ ತಿರುಗಿಯೂ ನೋಡಿಲ್ಲ.

ಆದರೆ ರಬ್ಬರ್ ಇರುವ ಸಾಮಾನಿಗೆ ಈ ಮಾತು ಸಲ್ಲದು. ಹಳೇ ಸ್ಟಾಕ್ ಅಂತ ಸೀಲ್ ಒಡೆಯದ ಬ್ರೇಕ್ ವೀಲ್ ಸಿಲಿಂಡರ್ ತಂದು ಹಾಕಿದ್ದೆ. ವಾರದಲ್ಲಿ ಚಕ್ರದ ಒಳಗೆಲ್ಲಾ ಬ್ರೇಕ್ ಆಯಿಲ್. ಪೆಟ್ಟಿಗೆಯೊಳಗೆ ಸುಮ್ನೆ ಕೂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಸದ್ಯ, ಗಾಡಿ ಇನ್ನೂ ಶೆಡ್ಡಿನಲ್ಲೇ ಇತ್ತು. ಬ್ರೇಕ್ ಹೋಸ್, ವಾಷರ್, ಪೆಟ್ರೋಲ್ ಪೈಪ್ ಎಲ್ಲಾ ಈಗ ಹೊಸದೇ ತರುತ್ತೇನೆ.

ಸೆಲ್ಫ್ ಮೋಟಾರ್ ಕೂಡ ಬದಲಾಯಿಸಲು ಹೊರಟಿದ್ದೆ. ನನ್ನದು 6 ವೋಲ್ಟ್ ಗಾಡಿ. 12 ವೋಲ್ಟ್‌ನ ಮೋಟಾರ್ ಸುಲಭವಾಗಿ ಸಿಗುತ್ತದೆ. ಆದರೆ 6 ವೋಲ್ಟ್ ಗಾಡಿಯ ಫ್ಲೈವೀಲ್‌ಗೆ (ಸೆಲ್ಫ್ ಮೋಟಾರ್ ತಿರುಗಿಸುವ ಇಂಜಿನ್ ಚಕ್ರ) 109 ಹಲ್ಲು, 12 ವೋಲ್ಟ್‌ನದಕ್ಕೆ 130. ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಕೊನೆಗೆ ನೋಡಿದರೆ ಮೋಟಾರ್ ಚೆನ್ನಾಗಿಯೇ ಇತ್ತು, ಅರ್ತ್ ಪಟ್ಟಿ ಕಿಲುಬು ಹಿಡಿದಿತ್ತು. ಉಜ್ಜಿ, ದಪ್ಪ ಕೇಬಲ್ ಹಾಕಿದೆ. ಒಂದೇ ಏಟಿಗೆ ಸ್ಟಾರ್ಟ್.

ಆ ಲಿಂಕ್ ಪಿನ್ ಸೆಟ್ ಏನಾಯಿತು ಅಂದಿರಾ? ನಾಚಿಕೆಗೆ ಅಟ್ಟದ ಮೇಲೆ ಎಸೆದಿದ್ದೆ. ವಿಡಿಒ ಸ್ಪೀಡೋಮೀಟರ್ ಹುಡುಕುತ್ತಿದ್ದಾಗ ಒಬ್ಬರ ಹತ್ತಿರ ಒಂದು ಇದೆ ಅಂತ ತಿಳಿಯಿತು. ದುಡ್ಡಿಗೆ ಅವರು ಒಪ್ಪಲೇ ಇಲ್ಲ. "ದುಡ್ಡು ತಗೊಂಡು ಏನು ಮಾಡಲಿ, ನನಗೆ ಬೇಕಾದ್ದು ದುಡ್ಡಿಗೆ ಎಲ್ಲಿ ಸಿಗುತ್ತೆ?" ಅಂದರು. ಬೇಕಾದ್ದೇನು ಅಂತ ಕೇಳಿದೆ. ಅವರದು 1963ರ ಗಾಡಿ, ಮುಂದಿನ ಆಕ್ಸಲ್‌ಗೆ ಲಿಂಕ್ ಪಿನ್ ಸೆಟ್ ಇಲ್ಲದೆ ನಿಂತುಬಿಟ್ಟಿತ್ತು. ಮರುದಿನವೇ ಅಟ್ಟ ಹತ್ತಿದೆ. ಅವರು ಮೇಣದ ಕಾಗದ ಬಿಚ್ಚಿ ಮೂಸಿ ನೋಡಿದರು. ನಾನು ಸ್ಪೀಡೋಮೀಟರ್ ತಿರುಗಿಸಿ ಹಿಂದಿನ ಡಬ್ಬಿ ಒರೆಸಿದೆ. ತಯಾರಾದ ತಿಂಗಳು, ವರ್ಷ ಸಣ್ಣಗೆ ಅಚ್ಚಾಗಿತ್ತು: 10.65.

ಈಗ ಉಳಿದಿರುವುದು ಬಲಗಡೆ ಹೆಡ್‌ಲೈಟ್‌ನ ಗಾಜು ಒಂದೇ. 1967ರ ಮಧ್ಯದವರೆಗೆ ಬಂದ, ಹಿಂದಕ್ಕೆ ವಾಲಿದ ಆ ಗಾಜು. ಹೋದ ತಿಂಗಳು ಒಂದು ಸಿಕ್ಕಿತ್ತು, ಬೆಳಕಿಗೆ ಹಿಡಿದು ನೋಡಿದೆ. ರಸ್ತೆಯ ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ್ದು. ಗೆರೆಗಳು ಬೆಳಕನ್ನು ರಸ್ತೆಯ ಆಚೆ ಬದಿಗೆ ಎತ್ತುವಂತಿದ್ದವು, ಎದುರಿನಿಂದ ಬರುವವರ ಕಣ್ಣಿಗೇ ಹೊಡೆಯುವ ಹಾಗೆ. ವಾಪಸ್ ಕೊಡಲಿಲ್ಲ, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.