ಸಂದರ್ಶನ ಹಳಿ ತಪ್ಪಿದ ಮೇಲಿನ ನಿಮಿಷಗಳು

ಸಂದರ್ಶನಕ್ಕೆ ಸಿದ್ಧವಾಗುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎಲ್ಲ ಸಿದ್ಧತೆ ಮುಗಿಸಿ ಹೋದ ಮೇಲೂ ಹತ್ತನೆಯ ನಿಮಿಷಕ್ಕೆ ಮಾತು ಹಳಿ ತಪ್ಪಿದರೆ, ಉಳಿದ ಅರ್ಧ ಗಂಟೆಯನ್ನು ಹೇಗೆ ಕಳೆಯಬೇಕೆಂದು ಹೇಳುವವರು ಮಾತ್ರ ಕಡಿಮೆ. ನಾನು ಮೇಜಿನ ಎರಡೂ ಬದಿಗಳಲ್ಲಿ ಕುಳಿತವನು. ಅಭ್ಯರ್ಥಿಯಾಗಿ ಕೆಲವು ಸಂದರ್ಶನಗಳನ್ನು ಕೈಯಾರೆ ಕೆಡಿಸಿಕೊಂಡಿದ್ದೇನೆ. ಆಯ್ಕೆ ಮಾಡುವವರ ಸಾಲಿನಲ್ಲಿ ಕುಳಿತು ಅದಕ್ಕಿಂತ ಹೆಚ್ಚಿನವು ಕಣ್ಣೆದುರೇ ಕೆಡುವುದನ್ನು ನೋಡಿದ್ದೇನೆ. ಮೊದಲ ತಪ್ಪಿನಿಂದ ಕೆಲಸ ಕಳೆದುಕೊಂಡವರಿಗಿಂತ, ಆ ತಪ್ಪನ್ನು ಮುಚ್ಚಲು ಹೋಗಿ ಮಾಡಿದ ಎರಡನೆಯ, ಮೂರನೆಯ ತಪ್ಪಿನಿಂದ ಕಳೆದುಕೊಂಡವರನ್ನೇ ನಾನು ಹೆಚ್ಚಾಗಿ ಕಂಡದ್ದು. ಆದ್ದರಿಂದ ಇಲ್ಲಿ ಎಡವಿದ ಮೇಲಿನ ನಿಮಿಷಗಳನ್ನಷ್ಟೇ ಹಿಡಿದು ಬರೆಯುತ್ತೇನೆ.

ಮೊದಲು ಹಾನಿಯನ್ನು ಅಳೆಯಿರಿ

ಎಡವಿದವರಿಗೆ ತಾವು ಎಡವಿದ್ದು ಇಡೀ ಕೋಣೆಗೆ ಕಂಡಿತೆಂದೇ ಅನ್ನಿಸುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಇತರರು ಕುಳಿತಿದ್ದ ಕೋಣೆಗೆ ಕಳುಹಿಸಲಾಯಿತು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಚಿತ್ರವನ್ನು ಗುರುತಿಸಿರುತ್ತಾರೆಂದು ತೊಟ್ಟವರು ಊಹಿಸಿದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. ಸಂದರ್ಶಕರು ಅಭ್ಯರ್ಥಿಯನ್ನು ಗಮನಿಸಲೆಂದೇ ಕುಳಿತವರಾದ್ದರಿಂದ ಈ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ನಿಮ್ಮ ಧ್ವನಿ ನಡುಗಿದ ಆ ಕ್ಷಣದಲ್ಲಿ ಅವರಲ್ಲೊಬ್ಬರು ಹಿಂದಿನ ಉತ್ತರವನ್ನು ಬರೆದುಕೊಳ್ಳುತ್ತಿರುತ್ತಾರೆ, ಇನ್ನೊಬ್ಬರು ಮುಂದೆ ಏನು ಕೇಳುವುದೆಂದು ಯೋಚಿಸುತ್ತಿರುತ್ತಾರೆ, ಮತ್ತೊಬ್ಬರು ಗಡಿಯಾರ ನೋಡುತ್ತಿರುತ್ತಾರೆ. ಅವರ ಮುಖದಲ್ಲಿ ನಗು ಕಾಣದಿದ್ದರೆ ಅದನ್ನು ತೀರ್ಪೆಂದು ಓದಬೇಡಿ. ಯಾರಿಗೂ ಸುಳಿವು ಕೊಡಬಾರದೆಂದು ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುವುದನ್ನೇ ಅಭ್ಯಾಸ ಮಾಡಿಕೊಂಡ ಸಂದರ್ಶಕರಿದ್ದಾರೆ, ಮೂರನೆಯ ಸಂದರ್ಶನದ ಹೊತ್ತಿಗೆ ದಣಿದು ಹಾಗಾಗಿರುವವರೂ ಇದ್ದಾರೆ.

ಲೋಟ ಉರುಳಿ ನೀರು ಚೆಲ್ಲಿದರೆ, ಕಾಗದಗಳು ಕೆಳಗೆ ಬಿದ್ದರೆ, ಹೆಸರೊಂದನ್ನು ತಪ್ಪಾಗಿ ಉಚ್ಚರಿಸಿದರೆ ಕ್ಷಮೆ ಕೇಳಿ, ಒರೆಸಿ, ಮುಂದಕ್ಕೆ ಹೋಗಿ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು 1966ರಲ್ಲಿ ಒಂದು ಪರೀಕ್ಷೆ ನಡೆಸಿದರು. ರಸಪ್ರಶ್ನೆ ತಂಡಕ್ಕೆ ಸೇರಬಯಸುವ ಒಬ್ಬನನ್ನು ಪ್ರಶ್ನಿಸುತ್ತಿರುವ ಧ್ವನಿಮುದ್ರಣವನ್ನು ಕೇಳುಗರಿಗೆ ಕೇಳಿಸಲಾಯಿತು. ಒಂದು ಮುದ್ರಣದಲ್ಲಿ ಆತ ಶೇಕಡಾ 92ರಷ್ಟು ಸರಿಯುತ್ತರ ಕೊಡುತ್ತಾನೆ, ಇನ್ನೊಂದರಲ್ಲಿ ಶೇಕಡಾ 30ರಷ್ಟು. ಕೆಲವು ಮುದ್ರಣಗಳ ಕೊನೆಯಲ್ಲಿ ತನ್ನ ಬಟ್ಟೆಯ ಮೇಲೆ ಕಾಫಿ ಚೆಲ್ಲಿಕೊಳ್ಳುತ್ತಾನೆ. ಚೆನ್ನಾಗಿ ಉತ್ತರಿಸಿದವನು ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಅವನ ಮೇಲಿನ ಮೆಚ್ಚುಗೆ ಹೆಚ್ಚಿತು, ಸಾಧಾರಣವಾಗಿ ಉತ್ತರಿಸಿದವನ ಮೇಲಿನದು ಇಳಿಯಿತು. ಚೆಲ್ಲಿದ ಕಾಫಿಗೆ ತನ್ನದೇ ಆದ ಬೆಲೆ ಇಲ್ಲ, ಅದರ ಹಿಂದಿನ ಉತ್ತರಗಳೇ ಅದಕ್ಕೆ ಬೆಲೆ ಕಟ್ಟುತ್ತವೆ. ಹೀಗಿರುವಾಗ ಹತ್ತು ನಿಮಿಷ ಅದನ್ನೇ ನೆನೆದು ಮರುಗುತ್ತ, ಬರಬೇಕಾದ ಉತ್ತರಗಳನ್ನೂ ಕೆಡಿಸಿಕೊಳ್ಳುವುದು ಶುದ್ಧ ನಷ್ಟ.

ಇನ್ನೊಂದು ಸಂಗತಿಯೂ ನಿಮ್ಮ ಪರವಾಗಿದೆ. 1950ರ ದಶಕದ ಮಧ್ಯದಲ್ಲಿ ಇಸ್ರೇಲಿನ ಸೇನೆಯಲ್ಲಿದ್ದ ಯುವ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಸೈನಿಕರನ್ನು ಸಂದರ್ಶಿಸುವವರಿಗೆ ಒಟ್ಟಾರೆ ಅಭಿಪ್ರಾಯ ಹೇಳುವ ಮೊದಲು ಆರು ಗುಣಗಳಿಗೆ ಪ್ರತ್ಯೇಕವಾಗಿ ಅಂಕ ಕೊಡುವಂತೆ ಹೇಳಿದರು; ಹಳೆಯ ಪದ್ಧತಿಗಿಂತ ಈ ಅಂಕಗಳು ಮುಂದಿನ ಸಾಧನೆಯನ್ನು ಚೆನ್ನಾಗಿ ಸೂಚಿಸಿದವು. ಇಂದು ವ್ಯವಸ್ಥಿತವಾಗಿ ನಡೆಯುವ ಸಂದರ್ಶನಗಳೆಲ್ಲ ಇದೇ ದಾರಿಯವು: ಎಲ್ಲರಿಗೂ ಅದೇ ಪ್ರಶ್ನೆಗಳು, ಪ್ರತಿ ಉತ್ತರಕ್ಕೂ ಪ್ರತ್ಯೇಕ ಅಂಕ. ಸಂದರ್ಶಕರು ಹಾಳೆ ನೋಡಿಕೊಂಡು ಪ್ರಶ್ನೆ ಓದುತ್ತಿದ್ದರೆ, ಪ್ರತಿ ಉತ್ತರದ ನಂತರ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದರೆ ನೀವಿರುವುದು ಅಂಥ ಸಂದರ್ಶನದಲ್ಲಿ ಎಂದುಕೊಳ್ಳಬಹುದು. ಅಲ್ಲಿ ಮೂರನೆಯ ಪ್ರಶ್ನೆಯಲ್ಲಿ ಸೊನ್ನೆ ಬಂದರೂ ನಾಲ್ಕನೆಯದರ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಬಾಯಿ ಕಟ್ಟಿದಾಗ

ಗೊತ್ತಿರುವ ಉತ್ತರವೇ ನೆನಪಿಗೆ ಬಾರದಿರುವುದು ಅತ್ಯಂತ ಸಾಮಾನ್ಯವಾದ ಅವಘಡ. ಆ ಹೊತ್ತಿನಲ್ಲಿ ಮನಸ್ಸು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲು ಹೆಣಗುತ್ತಿರುತ್ತದೆ: ಒಂದು, ಉತ್ತರವನ್ನು ಹುಡುಕುವುದು, ಇನ್ನೊಂದು, ‘ಇವರು ನನ್ನನ್ನು ಏನೆಂದುಕೊಳ್ಳುತ್ತಿದ್ದಾರೋ’ ಎಂದು ತನ್ನನ್ನೇ ಕಾಯುವುದು. ಸದ್ಯಕ್ಕೆ ಬೇಕಾದದ್ದನ್ನು ಹಿಡಿದಿಟ್ಟುಕೊಳ್ಳುವ ನಮ್ಮ ನೆನಪಿನ ಜಾಗ ಬಹಳ ಕಿರಿದು, ಎರಡನೆಯ ಕೆಲಸ ಹೆಚ್ಚಿದಷ್ಟೂ ಮೊದಲನೆಯದಕ್ಕೆ ಅಲ್ಲಿ ಎಡೆ ಸಿಗುವುದಿಲ್ಲ. ಆದ್ದರಿಂದ ಉತ್ತರವನ್ನು ಬಲವಂತವಾಗಿ ಎಳೆಯುವುದನ್ನು ಬಿಟ್ಟು, ಮೊದಲು ಸಮಯ ಪಡೆದುಕೊಳ್ಳಿ. ‘ಒಂದು ಕ್ಷಣ ಯೋಚಿಸಿ ಹೇಳುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿ, ನಿಜವಾಗಿಯೂ ಸುಮ್ಮನಿರಿ. ಹೇಳಿ ಸುಮ್ಮನಿರುವುದಕ್ಕೂ ಹೇಳದೆ ಸುಮ್ಮನಿರುವುದಕ್ಕೂ ಕೇಳುವವರ ಕಣ್ಣಿನಲ್ಲಿ ತುಂಬ ಅಂತರವಿದೆ. ಮೊದಲನೆಯದು ವಿಚಾರವಂತರ ಲಕ್ಷಣವೆನಿಸುತ್ತದೆ, ಎರಡನೆಯದು ಗಾಬರಿ ಎನಿಸುತ್ತದೆ. ಹತ್ತು ಸೆಕೆಂಡಿನ ಮೌನ ನಿಮಗೆ ಯುಗದಂತೆ ಕಂಡರೂ ಅವರಿಗೆ ಅದು ಹತ್ತು ಸೆಕೆಂಡು ಮಾತ್ರ.

ಕಾಗದ, ಪೆನ್ನು ತೆಗೆದುಕೊಂಡು ಹೋಗಿದ್ದರೆ ಪ್ರಶ್ನೆಯ ಮುಖ್ಯ ಪದಗಳನ್ನು ಬರೆದುಕೊಳ್ಳಿ. ಕೈಗೆ ಕೆಲಸ ಸಿಕ್ಕಿದಾಗ ತಲೆಗೆ ಸ್ವಲ್ಪ ಬಿಡುವು ದೊರೆಯುತ್ತದೆ. ಆಗಲೂ ಹೊಳೆಯದಿದ್ದರೆ, ‘ಈ ಪ್ರಶ್ನೆಗೆ ಕೊನೆಯಲ್ಲಿ ಮರಳಿ ಬರಬಹುದೇ?’ ಎಂದು ಕೇಳಿ. ಅವರು ಒಪ್ಪಿದರೆ ಕಾಗದದಲ್ಲಿ ಗುರುತು ಹಾಕಿಕೊಂಡು, ಕೊನೆಯಲ್ಲಿ ನೀವೇ ನೆನಪಿಸಿ ಉತ್ತರಿಸಬೇಕು. ನೆನಪಿಸದೆ ಎದ್ದು ಹೋದರೆ ಕೇಳಿದ ಅವಕಾಶವೇ ನಿಮಗೆ ಎದುರಾಗಿ ನಿಲ್ಲುತ್ತದೆ.

ಉತ್ತರ ಶುರುವಾಗಿ ಎತ್ತೆತ್ತಲೋ ಹರಿದುಹೋಗುವುದು ಇದರ ಇನ್ನೊಂದು ಮುಖ. ಮೂರು ನಿಮಿಷ ಮಾತಾಡಿದ ಮೇಲೆ ಪ್ರಶ್ನೆ ಯಾವುದಾಗಿತ್ತೆಂದೇ ಮರೆತಿರುತ್ತದೆ, ನಿಲ್ಲಿಸಲು ಧೈರ್ಯವಿರುವುದಿಲ್ಲ, ಆದ್ದರಿಂದ ಮಾತು ಮುಂದುವರಿಯುತ್ತಲೇ ಇರುತ್ತದೆ. ಅಲ್ಲಿಯೇ, ವಾಕ್ಯದ ನಡುವೆಯಾದರೂ ಸರಿ, ನಿಲ್ಲಿಸಿ. ‘ನಾನು ವಿಷಯದಿಂದ ದೂರ ಹೋದೆ. ಚಿಕ್ಕದಾಗಿ ಮತ್ತೆ ಹೇಳುತ್ತೇನೆ’ ಎಂದು ಎರಡು ವಾಕ್ಯಗಳಲ್ಲಿ ಉತ್ತರವನ್ನು ಮುಗಿಸಿ. ಹೀಗೆ ಮಾಡಿದ ಅಭ್ಯರ್ಥಿಗಳ ಬಗ್ಗೆ ಆಯ್ಕೆ ಸಮಿತಿಯಲ್ಲಿ ನಾನು ಕೆಟ್ಟ ಮಾತು ಕೇಳಿದ್ದೇ ಇಲ್ಲ. ತಾನು ದಾರಿ ತಪ್ಪಿದ್ದನ್ನು ತಾನೇ ಕಂಡು ಹಿಂದಿರುಗುವವರು ಕೆಲಸದಲ್ಲೂ ಹಾಗೆಯೇ ಮಾಡುತ್ತಾರೆಂಬ ನಂಬಿಕೆ ಕೇಳುವವರಲ್ಲಿ ಮೂಡುತ್ತದೆ.

‘ಕ್ಷಮಿಸಿ, ನನಗೆ ತುಂಬ ಭಯವಾಗಿದೆ’ ಎಂದು ಒಮ್ಮೆ ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರತಿ ಉತ್ತರಕ್ಕೂ ಅದನ್ನೇ ಪೀಠಿಕೆಯಾಗಿಸಿದರೆ, ಸಂದರ್ಶಕರು ನಿಮ್ಮನ್ನು ಅಳೆಯುವುದನ್ನು ಬಿಟ್ಟು ಸಮಾಧಾನಪಡಿಸುವ ಕೆಲಸಕ್ಕೆ ಇಳಿಯಬೇಕಾಗುತ್ತದೆ.

ಗೊತ್ತಿಲ್ಲದ್ದನ್ನು ಕೇಳಿದಾಗ

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಕೆಲಸ ಹುಡುಕುತ್ತಿದ್ದ ಆರಂಭದ ದಿನಗಳಲ್ಲಿ, ಎರಡು ವಾರವಷ್ಟೇ ಕೈಯಾಡಿಸಿದ್ದ ಒಂದು ಲೆಕ್ಕಪತ್ರ ತಂತ್ರಾಂಶವನ್ನು ಸ್ವವಿವರದಲ್ಲಿ ‘ಪರಿಣತಿ’ ಎಂಬ ತಲೆಬರಹದಡಿ ಬರೆದುಕೊಂಡಿದ್ದೆ. ಎದುರಿಗೆ ಕುಳಿತಿದ್ದ ಹಿರಿಯರು ಅದೇ ತಂತ್ರಾಂಶದಲ್ಲಿ ವರ್ಷಗಟ್ಟಲೆ ದುಡಿದವರೆಂದು ನನಗೆ ಹೇಗೆ ಗೊತ್ತಾಗಬೇಕು? ಅವರ ಮೊದಲ ಪ್ರಶ್ನೆಗೇ ‘ಅಷ್ಟು ಆಳವಾಗಿ ಬಳಸಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ನಾನು ಊಹಿಸಿ ಒಂದು ಉತ್ತರ ಕೊಟ್ಟೆ. ಅವರು ಅದರ ಮೇಲೆ ಇನ್ನೊಂದು ಕೇಳಿದರು. ಅದಕ್ಕೂ ಒಂದು ತೇಪೆ ಹಾಕಿದೆ. ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅವರು ಪೆನ್ನು ಕೆಳಗಿಟ್ಟಿದ್ದರು. ಅಂದು ಕೆಲಸ ಕೈತಪ್ಪಿದ್ದು ತಂತ್ರಾಂಶ ಬಾರದಿದ್ದುದಕ್ಕಲ್ಲ, ಏಕೆಂದರೆ ಆ ಹುದ್ದೆಗೆ ಅದು ಕಡ್ಡಾಯವೇ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಗೊತ್ತಿಲ್ಲವೆಂದು ಹೇಳುವುದಕ್ಕೂ ಒಂದು ಕ್ರಮವಿದೆ. 1921ರಲ್ಲಿ ಥಾಮಸ್ ಎಡಿಸನ್ ತಮ್ಮಲ್ಲಿ ಕೆಲಸ ಕೇಳಿ ಬರುವವರಿಗೆ ಕೊಡುತ್ತಿದ್ದ ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದ ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು ಅದರಲ್ಲಿನ ಪ್ರಶ್ನೆಯೆಂದು ಶಬ್ದದ ವೇಗವೆಷ್ಟೆಂದು ಕೇಳಿದಾಗ, ಪುಸ್ತಕಗಳಲ್ಲಿ ಸುಲಭವಾಗಿ ಸಿಗುವಂಥದ್ದನ್ನು ತಾವು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಈ ಪ್ರಸಂಗವನ್ನು ಧೈರ್ಯ ತುಂಬಲು ಹೇಳುವವರಿದ್ದಾರೆ, ಆದರೆ ನಾವು ಅದನ್ನು ಎಚ್ಚರದಿಂದ ಬಳಸಬೇಕು. ಐನ್‌ಸ್ಟೈನರು ಅಂದು ಕೆಲಸ ಕೇಳಲು ಹೋದವರಲ್ಲ. ನೀವು ಅದೇ ಧಾಟಿಯಲ್ಲಿ ‘ಅದನ್ನು ಹುಡುಕಿದರೆ ಸಿಗುತ್ತದೆ’ ಎಂದರೆ ಉಡಾಫೆಯಾಗಿ ಕೇಳಿಸುತ್ತದೆ. ನಿಮ್ಮ ತಿಳಿವಳಿಕೆ ಎಲ್ಲಿಯವರೆಗೆ ಇದೆ, ಎಲ್ಲಿ ನಿಲ್ಲುತ್ತದೆ, ನಿಂತಲ್ಲಿಂದ ಮುಂದಕ್ಕೆ ನೀವು ಹೇಗೆ ಹೋಗುತ್ತೀರಿ ಎಂಬ ಮೂರನ್ನೂ ಸೇರಿಸಿ ಹೇಳಿ. ‘ಈ ಯಂತ್ರವನ್ನು ನಾನು ನಡೆಸಿಲ್ಲ. ಇದರ ಹಿಂದಿನ ಮಾದರಿಯನ್ನು ಎರಡು ವರ್ಷ ನಡೆಸಿದ್ದೇನೆ. ಹೊಸದರಲ್ಲಿ ಒತ್ತಡ ನಿಯಂತ್ರಿಸುವ ಭಾಗ ಬೇರೆಯಿರಬಹುದೆಂದುಕೊಂಡಿದ್ದೇನೆ, ಅದನ್ನೇ ಮೊದಲು ಕಲಿಯಬೇಕಾಗುತ್ತದೆ’ ಎನ್ನುವ ಉತ್ತರದಲ್ಲಿ ಅಜ್ಞಾನವೂ ಇದೆ, ಕಸುಬಿನ ಗುರುತೂ ಇದೆ.

ಈಗಾಗಲೇ ಉತ್ಪ್ರೇಕ್ಷೆ ಮಾಡಿಬಿಟ್ಟಿದ್ದರೆ ಅವರು ಹಿಡಿಯುವ ಮೊದಲೇ ಸರಿಪಡಿಸಿಕೊಳ್ಳಿ: ‘ಆ ತಂಡವನ್ನು ನಾನು ನಡೆಸಿದೆ ಎಂದೆ, ಮುಖ್ಯಸ್ಥರು ಬೇರೆಯವರಿದ್ದರು, ಕೊನೆಯ ಮೂರು ತಿಂಗಳ ವೇಳಾಪಟ್ಟಿ ಮಾತ್ರ ನನ್ನ ಕೈಯಲ್ಲಿತ್ತು.’ ಹಿಂದಿನ ಮೇಲಧಿಕಾರಿಯನ್ನು ಹಳಿಯಲು ಶುರುಮಾಡಿ ನಡುವೆ ಎಚ್ಚರವಾದಾಗಲೂ ಇದೇ ಉಪಾಯ: ದೂರನ್ನು ಅರ್ಧಕ್ಕೆ ನಿಲ್ಲಿಸಿ, ಆ ಪರಿಸ್ಥಿತಿಯಲ್ಲಿ ನೀವು ಏನು ಮಾಡಿದಿರಿ ಎಂಬಲ್ಲಿಗೆ ಮಾತನ್ನು ತಿರುಗಿಸಿ.

ತಡವಾದರೆ, ವೀಡಿಯೊ ಕಡಿದುಹೋದರೆ ಹೆಚ್ಚು ಹೇಳುವುದೇನಿಲ್ಲ. ತಡವಾಗುತ್ತದೆಂದು ಗೊತ್ತಾದ ತಕ್ಷಣ ಫೋನ್ ಮಾಡಿ, ಎಷ್ಟು ನಿಮಿಷವೆಂದು ಹೇಳಿ, ತಲುಪಿದ ಮೇಲೆ ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿ. ವೀಡಿಯೊ ಸಂದರ್ಶನವಾದರೆ ಸಂಪರ್ಕಿಸಬೇಕಾದ ಫೋನ್ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕಂಪ್ಯೂಟರು ಕೈಕೊಟ್ಟಾಗ ಅದರೊಳಗಿನ ಸಂಖ್ಯೆಯೂ ಸಿಗುವುದಿಲ್ಲ.

ತಪ್ಪು ಅವರ ಕಡೆಯದಾಗಿದ್ದರೆ

ಕೆಟ್ಟುಹೋದ ಸಂದರ್ಶನಗಳ ಹೊಣೆಯನ್ನೆಲ್ಲ ಅಭ್ಯರ್ಥಿಗಳೇ ಹೊತ್ತುಕೊಳ್ಳುವುದನ್ನು ನೋಡಿದ್ದೇನೆ, ಅದು ನ್ಯಾಯವಲ್ಲ. ಸ್ವವಿವರವನ್ನೇ ಓದದೆ ಬಂದವರು, ಬೇರೆ ಹುದ್ದೆಯ ಪ್ರಶ್ನೆ ಕೇಳುವವರು, ಉತ್ತರದ ನಡುವೆ ಮೊಬೈಲು ನೋಡುವವರು ಎದುರಿಗೆ ಕುಳಿತಿರಬಹುದು. 2006ರ ಮೇ 8ರಂದು ಗೈ ಗೋಮಾ ಎಂಬುವರು ಬಿಬಿಸಿಯ ಮಾಹಿತಿ ತಂತ್ರಜ್ಞಾನ ವಿಭಾಗದ ಹುದ್ದೆಯೊಂದರ ಸಂದರ್ಶನಕ್ಕೆಂದು ಲಂಡನ್ನಿನ ಕಚೇರಿಯಲ್ಲಿ ಕಾಯುತ್ತಿದ್ದರು. ಅದೇ ಹೊತ್ತಿಗೆ ಗೈ ಕ್ಯೂನಿ ಎಂಬ ತಂತ್ರಜ್ಞಾನ ಪತ್ರಕರ್ತರನ್ನು ನೇರಪ್ರಸಾರಕ್ಕೆ ಕರೆಸಲಾಗಿತ್ತು. ಕರೆಯಲು ಬಂದವರು ‘ಗೈ’ ಎಂಬ ಹೆಸರಿನಿಂದ ಮೋಸಹೋಗಿ ಗೋಮಾ ಅವರನ್ನು ಕ್ಯಾಮೆರಾದ ಮುಂದೆ ಕೂರಿಸಿದರು. ಆ್ಯಪಲ್ ಹೆಸರಿನ ಎರಡು ಕಂಪನಿಗಳ ನಡುವಿನ ಮೊಕದ್ದಮೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವರು ತೋಚಿದಂತೆ ಉತ್ತರಿಸಿದರು. ಪರಿಚಯಿಸಿದ ಕ್ಷಣದಲ್ಲಿ ಅವರ ಮುಖ ಕಂಗೆಟ್ಟದ್ದು ಲೋಕಪ್ರಸಿದ್ಧವಾಯಿತು. ಆಮೇಲೆ ನಡೆದ ನಿಜವಾದ ಸಂದರ್ಶನದಲ್ಲಿ ಅವರಿಗೆ ಆ ಕೆಲಸ ಸಿಗಲಿಲ್ಲ.

ಇಷ್ಟು ದೊಡ್ಡ ಅದಲುಬದಲು ಎಲ್ಲರಿಗೂ ಒದಗದು, ಚಿಕ್ಕವು ಮಾತ್ರ ಒದಗುತ್ತಲೇ ಇರುತ್ತವೆ. ಎರಡು ಪ್ರಶ್ನೆಗಳು ನಿಮ್ಮ ಕೆಲಸಕ್ಕೆ ಸಂಬಂಧವಿಲ್ಲದಂತೆ ತೋರಿದರೆ, ಮೂರನೆಯದಕ್ಕೆ ಉತ್ತರಿಸುವ ಮೊದಲು, ‘ನಾನು ಅರ್ಜಿ ಹಾಕಿರುವುದು ಇಂಥ ಹುದ್ದೆಗೆ, ನಾವು ಅದನ್ನೇ ಕುರಿತು ಮಾತಾಡುತ್ತಿದ್ದೇವಲ್ಲವೇ?’ ಎಂದು ವಿನಯದಿಂದ ಕೇಳಿ. ಸಂಕೋಚದಿಂದ ಸುಮ್ಮನಿದ್ದರೆ ಬೇರೆಯವರ ಪರೀಕ್ಷೆಯಲ್ಲಿ ನೀವು ಅನುತ್ತೀರ್ಣರಾಗುತ್ತೀರಿ.

ಮದುವೆ, ಮಕ್ಕಳು, ಧರ್ಮದಂಥ ಖಾಸಗಿ ವಿಷಯಗಳನ್ನು ಕೆದಕಿದರೆ ಆ ಪ್ರಶ್ನೆಯ ಹಿಂದಿನ ಅನುಮಾನಕ್ಕೆ ಮಾತ್ರ ಉತ್ತರಿಸಬಹುದು: ‘ಈ ಹುದ್ದೆಗೆ ಬೇಕಾದ ಪ್ರಯಾಣಕ್ಕೂ ಸಮಯಕ್ಕೂ ನನಗೆ ಅಡ್ಡಿಯಿಲ್ಲ.’ ಅದಕ್ಕೂ ನಿಲ್ಲದೆ ಮಾತು ಅವಮಾನಕ್ಕೆ ತಿರುಗಿದರೆ, ‘ನಿಮ್ಮ ಸಮಯಕ್ಕೆ ಧನ್ಯವಾದಗಳು, ನಾನು ಇಲ್ಲಿಗೆ ಮುಗಿಸುತ್ತೇನೆ’ ಎಂದು ಎದ್ದು ಬರುವ ಹಕ್ಕು ನಿಮಗಿದೆ. ಕೆಲಸ ತೀರ ಅಗತ್ಯವಿರುವವರಿಗೆ ಇದು ಸುಲಭವಲ್ಲವೆಂದು ಬಲ್ಲೆ. ಅಂಥವರು ಕುಳಿತು ಮುಗಿಸಿದರೂ ಅದರಲ್ಲಿ ಅವಮಾನ ಪಡಬೇಕಾದವರು ಅವರಲ್ಲ.

ಕೊನೆಯ ಐದು ನಿಮಿಷ, ಮತ್ತು ಆ ಸಂಜೆ

ಸಂದರ್ಶನ ಕೆಟ್ಟಿತೆಂದು ಮನಸ್ಸಿನಲ್ಲೇ ತೀರ್ಮಾನಿಸಿದವರು ‘ನಿಮ್ಮ ಪ್ರಶ್ನೆಗಳೇನಾದರೂ ಇವೆಯೇ?’ ಎಂದಾಗ ‘ಇಲ್ಲ’ ಎಂದು ಬೇಗ ಎದ್ದುಬಿಡುತ್ತಾರೆ. ಮಾತನ್ನು ದುರಸ್ತಿ ಮಾಡಲು ಸಿಗುವ ಅತ್ಯುತ್ತಮ ಅವಕಾಶ ಅದೇ. ಬಿಟ್ಟುಬಂದ ಉತ್ತರವಿದ್ದರೆ ಆಗ ಹೇಳಿ. ಅನಂತರ, ‘ನನ್ನ ಅನುಭವದ ಯಾವುದಾದರೂ ಭಾಗ ಈ ಹುದ್ದೆಗೆ ಸಾಲದೆಂದು ಅನ್ನಿಸಿದ್ದರೆ ಅದನ್ನು ಕುರಿತು ವಿವರಿಸಲು ಇಷ್ಟಪಡುತ್ತೇನೆ’ ಎಂದು ಕೇಳಿ. ಕೆಲವರು ನಕ್ಕು ಸುಮ್ಮನಾಗುತ್ತಾರೆ. ನಿಜವಾದ ಅನುಮಾನವನ್ನು ಬಾಯಿಬಿಟ್ಟು ಹೇಳುವವರು ಸಿಕ್ಕರೆ ನಿಮಗೆ ಉತ್ತರಿಸಲು ಎರಡು ನಿಮಿಷ ಸಿಕ್ಕಂತೆ.

ಹೊರಬಂದ ಒಂದು ಗಂಟೆಯೊಳಗೆ, ಯಾರಿಗೂ ಫೋನ್ ಮಾಡಿ ಗೋಳು ಹೇಳಿಕೊಳ್ಳುವ ಮೊದಲು, ಕೇಳಿದ ಪ್ರಶ್ನೆಗಳನ್ನು ಕ್ರಮವಾಗಿ ಬರೆದಿಡಿ. ಗೋಳು ಹೇಳಿಕೊಂಡ ಮೇಲೆ ನೆನಪಿನಲ್ಲಿ ಉಳಿಯುವುದು ಗೋಳಿನ ಕಥೆಯೇ, ಪ್ರಶ್ನೆಗಳಲ್ಲ. ಮರುದಿನದೊಳಗೆ ಒಂದು ಚಿಕ್ಕ ಮಿಂಚಂಚೆ ಕಳುಹಿಸಿ. ಧನ್ಯವಾದ ಒಂದು ವಾಕ್ಯ. ತಪ್ಪಿದ ಉತ್ತರಗಳಲ್ಲಿ ಅತಿ ಮುಖ್ಯವಾದ ಒಂದನ್ನು ಮಾತ್ರ ಆರಿಸಿ ಅದರ ತಿದ್ದುಪಡಿ ಎರಡು ಮೂರು ವಾಕ್ಯ. ‘ದಾಸ್ತಾನಿನ ಲೆಕ್ಕ ಹೊಂದದಿದ್ದಾಗ ಏನು ಮಾಡುವಿರಿ ಎಂಬ ನಿಮ್ಮ ಪ್ರಶ್ನೆಗೆ ನಾನು ಅಪೂರ್ಣವಾಗಿ ಉತ್ತರಿಸಿದೆ. ನಾನು ಮೊದಲು ಕೊನೆಯ ಎಣಿಕೆಯ ನಂತರದ ರಸೀದಿಗಳನ್ನು ಹೋಲಿಸುತ್ತೇನೆ, ವ್ಯತ್ಯಾಸ ಅಲ್ಲೂ ಸಿಗದಿದ್ದರೆ ಗೋದಾಮಿನವರ ಜೊತೆ ಮರು ಎಣಿಕೆ ಮಾಡಿಸುತ್ತೇನೆ’ ಎಂಬಷ್ಟು ಸಾಕು. ಭಯವಾಗಿತ್ತು, ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ ಎಂಬ ವಿವರಣೆ ಬೇಡ, ಐದು ಉತ್ತರಗಳನ್ನೂ ಮರಳಿ ಬರೆಯುವುದು ಬೇಡ. ಅವರು ತಿಳಿಸುತ್ತೇವೆಂದ ದಿನ ಕಳೆದು ಒಂದು ವಾರವಾದರೂ ಸುದ್ದಿಯಿಲ್ಲದಿದ್ದರೆ ಒಮ್ಮೆ ವಿಚಾರಿಸಿ, ಅದಕ್ಕೂ ಉತ್ತರ ಬಾರದಿದ್ದರೆ ಬರೆದಿಟ್ಟ ಪ್ರಶ್ನೆಗಳ ಹಾಳೆಯನ್ನು ತೆಗೆದು, ತಡವರಿಸಿದ ಪ್ರಶ್ನೆಗಳಿಗೆ ಒಬ್ಬರೇ ಕುಳಿತು ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಉತ್ತರಿಸಿ ನೋಡಿ. ಎರಡು ನಿಮಿಷ ಮೀರಿದ ಉತ್ತರವನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಹೇಳಿ.