ಫರ್ನೇಸ್ ಕಿಂಡಿಗೆ ಗಾಜು ಹುಡುಕಿದ ಕಥೆ

ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ಹದ ಮಾಡುವ) ಶೆಡ್ಡಿನಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ಫರ್ನೇಸಿನೊಳಗೆ 850 ಡಿಗ್ರಿಗೆ ಕಾಯುವ ಗೇರುಗಳ, ಅಂದರೆ ಹಲ್ಲಿನ ಚಕ್ರಗಳ, ಬಿಸಿಯನ್ನು ಹೊರಗೆ ನಿಂತೇ ಅಳೆಯಬೇಕಿತ್ತು.

ಮೊದಲು ಕಿಂಡಿಯ ಮಾಮೂಲಿ ಗಾಜಿನ ಮುಂದೆ ಥರ್ಮಲ್ ಕ್ಯಾಮೆರಾ ಹಿಡಿದೆವು. ಅದು ತೋರಿಸಿದ್ದು ಗಾಜಿನ ಬಿಸಿ, ಗೇರಿನದ್ದಲ್ಲ. ಆ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್ ತರಂಗದುದ್ದದ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬಿಸಿಯ ಕಿರಣ. ಅದಕ್ಕೆ ಗಾಜೂ ಒಂದೇ, ಗೋಡೆಯೂ ಒಂದೇ.

‘ಜರ್ಮೇನಿಯಂ ಹಾಕೋಣ ಸಾರ್’ ಅಂದ ಜೊತೆಗಿದ್ದ ಹುಡುಗ. ತರಿಸಿದೆವು. ನೋಡಲು ಹೊಳೆಯುವ ಲೋಹದ ಬಿಲ್ಲೆ. ನಮ್ಮ ಕಣ್ಣಿಗೆ ಆಚೆ ಏನೂ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಬೆಳಿಗ್ಗೆ ಎಲ್ಲ ಸರಿಯಿತ್ತು. ಮಧ್ಯಾಹ್ನ ಗೇರು ಕೆಂಪಗೆ ಕಾದಿದೆ, ರೀಡಿಂಗ್ ಮಾತ್ರ ಇಳಿಯುತ್ತಿದೆ! ಜರ್ಮೇನಿಯಂ ಕಾದಷ್ಟೂ ಅದರೊಳಗೆ ಓಡಾಡುವ ವಿದ್ಯುತ್ ಕಣಗಳು ಜಾಸ್ತಿಯಾಗುತ್ತವೆ, ಇನ್‌ಫ್ರಾರೆಡ್ಡನ್ನು ಅವೇ ನುಂಗುತ್ತವೆ. 100 ಡಿಗ್ರಿ ದಾಟಿದರೆ ಮಂಕು ಶುರು. ಆ ಬಿಲ್ಲೆ ಈಗ ನನ್ನ ಮೇಜಿನ ಮೇಲೆ ಪೇಪರ್‌ವೇಟ್.

ಕಿಂಡಿಗೆ ಹಾಕಬಹುದಾದ ಬೇರೆ ವಸ್ತುಗಳನ್ನೂ ಲೆಕ್ಕ ಹಾಕಿದೆವು. ಝಿಂಕ್ ಸೆಲೆನೈಡ್ ಗಾಳಿಯಲ್ಲಿ ಸುಮಾರು 250 ಡಿಗ್ರಿವರೆಗೆ ಸಾಕು, ಆಮೇಲೆ ಬೇಡ. ಕ್ಯಾಲ್ಸಿಯಂ ಫ್ಲೋರೈಡ್ ಬಿಸಿ ತಡೆಯುತ್ತದೆ, ಆದರೆ ಬಾಗಿಲು ತೆರೆದಾಗಿನ ದಿಢೀರ್ ತಂಪಿಗೆ ಸೀಳಬಹುದು. ಸಫೈರ್ ರಾಜ, ಆದರೆ ಸುಮಾರು 5 ಮೈಕ್ರಾನ್‌ವರೆಗಿನ ಇನ್‌ಫ್ರಾರೆಡ್ ಮಾತ್ರ ಬಿಡುತ್ತದೆ, ನಮ್ಮ ಕ್ಯಾಮೆರಾಕ್ಕೆ ಅದು ಸಾಲದು. ಬೆಲೆಯೂ ರಾಜನದ್ದೇ.

ಆಗ ಹೊಳೆಯಿತು. ಗಾಜನ್ನೇ ಯಾಕೆ ಬದಲಾಯಿಸಬೇಕು, ಕಣ್ಣನ್ನೇ ಬದಲಾಯಿಸಿದರೆ? 850 ಡಿಗ್ರಿಯಲ್ಲಿ ಬೆಳಕು ತುಂಬ ಜೋರಾಗಿರುವುದೇ 2.6 ಮೈಕ್ರಾನ್ ಆಸುಪಾಸು. 1.6 ಮೈಕ್ರಾನ್‌ನಲ್ಲೂ ಅದು ಸಾಕಷ್ಟಿರುತ್ತದೆ. ಆ 1.6 ಮೈಕ್ರಾನ್ ನೋಡುವ ಪೈರೋಮೀಟರ್ (ಬೆಳಕು ನೋಡಿ ದೂರದಿಂದಲೇ ಬಿಸಿ ಅಳೆಯುವ ಸಾಧನ) ತಗೊಂಡರೆ ಸಾಮಾನ್ಯ ಕ್ವಾರ್ಟ್ಸ್ ಗಾಜೇ ಸಾಕು. ಕ್ವಾರ್ಟ್ಸ್ ಬಿಸಿಗೆ ಹಿಗ್ಗುವುದೇ ಕಡಿಮೆ, ಹಾಗಾಗಿ ಸುಲಭಕ್ಕೆ ಸೀಳುವುದಿಲ್ಲ.

ಅದರ ಎರಡು ಮುಖಗಳಲ್ಲಿ ಸೇರಿ ಸುಮಾರು 6.5 ಶೇಕಡಾ ಬೆಳಕು ವಾಪಸ್ ಹೋಗುತ್ತದೆ. ಪೈರೋಮೀಟರಿಗೆ ಅದನ್ನು ಹೇಳದಿದ್ದರೆ 9 ಡಿಗ್ರಿ ಕಡಿಮೆ ತೋರಿಸುತ್ತದೆ. ನಾನು ಮೊದಲ ವಾರ ಮರೆತಿದ್ದೆ! ಗಾಜನ್ನು ಬೋಲ್ಟ್ ಬಿಗಿದು ಒತ್ತಬೇಡಿ, ಸುತ್ತಲ ಉಕ್ಕು ಅದಕ್ಕಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ. ಸುತ್ತ ಚೂರು ಜಾಗ ಬಿಟ್ಟು ಮೆತ್ತನೆ ಗ್ಯಾಸ್ಕೆಟ್ ಹಾಕಿ.

ಈಗ ಉಳಿದ ತಲೆನೋವು ಎಣ್ಣೆ ಹೊಗೆಯ ಮಸಿ. ಗಾಜು ಕಪ್ಪಾದರೆ ರೀಡಿಂಗ್ ಸುಮ್ನೆ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಿಂಡಿಯೊಳಗೆ ಸಣ್ಣಗೆ ನೈಟ್ರೋಜನ್ ಊದಿಸುತ್ತಿದ್ದೇನೆ. ಆದರೂ ಶನಿವಾರ ಸಂಜೆ ಬಿಚ್ಚಿ ಒರೆಸುವುದು ತಪ್ಪಿಲ್ಲ.